ಹಗೇವಿನಲ್ಲಿ ಅಂದಾನಪ್ಪ

ಬಾಗಲಕೋಟೆ ನವನಗರದ ಅಂದಾನಪ್ಪನವರು ಎರಡು ಸಲ ನಿವೃತ್ತರಾದ ಮಹಾನುಭಾವರು. ಮೊದಲನೆಯ ಸಲ ಕಚೇರಿಯವರು ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಭಾಷಣಕಾರರಿಂದ ಬಾಯಿತುಂಬ ಹೊಗಳಿಸಿ ಮನೆಗೆ ಕಳಿಸಿದರು. ಎರಡನೆಯ ಸಲ ನಾಲ್ಕನೇ ಇಯತ್ತೆಯ ಮೊಮ್ಮಗಳು ಶಿವಗಂಗಾ, ಹಾರವಿಲ್ಲ ತುರಾಯಿಯಿಲ್ಲ, ಕೂತ ಜಾಗದಿಂದಲೇ ವಜಾ ಮಾಡಿದಳು.

“ಅಜ್ಜಾ, ಇನ್ನ ಮ್ಯಾಲೆ ನೀ ಕತಿ ಹೇಳೂದು ಬ್ಯಾಡ. ನಾನ ಓದ್ಕೋತೇನಿ.”

ಕಥೆ ಹೇಳುವುದು ಅಂದಾನಪ್ಪನವರ ಪಾಲಿಗೆ ಬರೀ ಹವ್ಯಾಸವಲ್ಲ, ಅದು ಅವರ ಸಂಸ್ಥಾನ. ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಬಾಯಿ ತೆರೆದರೆಂದರೆ ಹುಲಿ, ಕರಡಿ, ಡಕಾಯಿತರು ಎಲ್ಲರೂ ಸರತಿಯ ಪ್ರಕಾರ ಬಂದು ಸೋತು ಹೋಗುತ್ತಿದ್ದರು. ಎಲ್ಲರನ್ನೂ ಸೋಲಿಸುವವರು ಒಬ್ಬರೇ: ಅಂದಾನಪ್ಪನವರ ಅಜ್ಜ. ಅವರ ಹೆಸರೂ ಅಂದಾನಪ್ಪ. ಅಜ್ಜನ ಹೆಸರನ್ನು ಹಿರಿಯ ಮೊಮ್ಮಗನಿಗಿಡುವ ಪದ್ಧತಿಯಂತೆ ಆ ಹೆಸರು ಇವರಿಗೆ ಬಂದಿತ್ತು. ಹೆಸರಿನ ಸಂಗಡ ಪರಾಕ್ರಮವೂ ಬಂದಿದೆ ಎಂಬುದು ಇವರ ವಾದ. (ಅದು ದಾರಿಯಲ್ಲೆಲ್ಲೋ ಸೋರಿಹೋಗಿದೆ ಎಂಬುದು ಹೆಂಡತಿ ನೀಲಾಬಾಯಿಯವರ ವಾದ.) ಪೂರ್ವಿಕರ ಊರಾದ ಬೇವೂರಿನ ಬಟ್ಟಬಯಲು ಎರೆಹೊಲದಲ್ಲಿ, ಒಂದು ಮೊಲ ಬಚ್ಚಿಟ್ಟುಕೊಳ್ಳಲೂ ಪೊದೆಯಿಲ್ಲದ ಜಾಗದಲ್ಲಿ, ಆ ಅಜ್ಜ ಪ್ರತಿ ಅಮಾವಾಸ್ಯೆಗೊಂದರಂತೆ ಹುಲಿ ಹೊಡೆದಿದ್ದರು. ಲೆಕ್ಕ ಹಿಡಿದರೆ ಇಡೀ ಹಿಂದೂಸ್ತಾನದ ಹುಲಿಗಳೆಲ್ಲ ಸಾಯಲಿಕ್ಕೆಂದೇ ಬೇವೂರಿಗೆ ನಡೆದು ಬಂದಿರಬೇಕು.

ಇಂಥ ಸಂಸ್ಥಾನವನ್ನು ಮುಳುಗಿಸಿದ್ದು ಪಕ್ಕದ ಮನೆಯ ಮೃಣಾಲಿನಿ. ಓದಿದ ಹುಡುಗಿ, ಇದ್ದ ನೌಕರಿ ಬಿಟ್ಟು ಸಣ್ಣದೊಂದು ಪ್ರಕಾಶನ ತೆಗೆದು, ಇತಿಹಾಸದ ವೀರ ಬಾಲೆಯರ ಬಗ್ಗೆ ಮಕ್ಕಳ ಪುಸ್ತಕ ಮಾಡತೊಡಗಿದ್ದಳು. ಬಣ್ಣಬಣ್ಣದ ಚಿತ್ರ, ದೊಡ್ಡ ದೊಡ್ಡ ಅಕ್ಷರ. ಅವಳು ಕಂಪೌಂಡಿನ ಮೇಲಿಂದ ಒಂದು ಕಟ್ಟು ಪುಸ್ತಕವನ್ನು ಶಿವಗಂಗಾಳ ಕೈಗೆ ಕೊಟ್ಟ ದಿನವೇ ಅಂದಾನಪ್ಪನವರ ಮನೆಯಲ್ಲಿ ಅಧಿಕಾರ ಬದಲಾಯಿತು.

ಬೆಳಿಗ್ಗೆ ಕಿತ್ತೂರ ಚೆನ್ನಮ್ಮನಾಗಿ ಎದ್ದ ಹುಡುಗಿ, ಹಾಲಿನ ಲೋಟವನ್ನು ನೋಡಿ “ಇದನ್ನ ಕುಡಿಯಾಕ ನೀವು ಯಾರು ಹುಕುಂ ಕೊಡಾವ್ರು?” ಎನ್ನುವಳು. ಮಧ್ಯಾಹ್ನ ಓಬವ್ವನಾಗಿ, ಲಟ್ಟಣಿಗೆ ಹಿಡಿದು ಬಚ್ಚಲಮನೆಯ ತೂಬಿನ ಮುಂದೆ ಕಾವಲು ಕೂತು ಜಿರಲೆಗಳ ಸೈನ್ಯವನ್ನು ಒಂದೊಂದಾಗಿ ಮುಗಿಸುವಳು. ಸಂಜೆ ಅಬ್ಬಕ್ಕನಾಗಿ ಬಕೆಟ್ಟಿನ ನೀರಿನಲ್ಲಿ ಪೋರ್ಚುಗೀಸರ ಹಡಗು ಮುಳುಗಿಸುವಳು. (ಹಡಗು ಅಂದಾನಪ್ಪನವರ ಎಡಗಾಲಿನ ಚಪ್ಪಲಿ.) ಇದೆಲ್ಲ ತಡೆದುಕೊಳ್ಳಬಹುದಿತ್ತು. ಆದರೆ ಬೆಳವಡಿ ಮಲ್ಲಮ್ಮ ಹೆಂಗಸರ ಪಡೆ ಕಟ್ಟಿದ್ದಳೆಂದು ಓದಿದ ಮರುದಿನವೇ ಶಿವಗಂಗಾ ನೀಲಾಬಾಯಿಯವರನ್ನು ಪಡೆಗೆ ಸೇರಿಸಿಕೊಂಡಳು. ಅಲ್ಲಿಂದ ಮಧ್ಯಾಹ್ನದ ರೊಟ್ಟಿಗೆ ಗ್ರಹಣ ಹಿಡಿಯಿತು. ಮೊಮ್ಮಗಳು ಒಲೆಯ ಪಕ್ಕ ಕೂತು ಓದುವುದು, ಅಜ್ಜಿ ಹಿಟ್ಟಿನ ಕೈ ಗಾಳಿಯಲ್ಲಿ ಹಿಡಿದು ಕೇಳುವುದು, ಹಂಚಿನ ಮೇಲಿನ ರೊಟ್ಟಿ ವೀರಸ್ವರ್ಗ ಸೇರುವುದು.

“ಏನs, ರೊಟ್ಟಿ ಕರ್ರಗ ಆಗೈತಲ್ಲ!” ಎಂದು ಅಂದಾನಪ್ಪನವರು ತಾಟಿನ ಮುಂದೆ ಕೂತು ಗೋಳಾಡಿದರೆ, ನೀಲಾಬಾಯಿ ತಿರುಗಿಯೂ ನೋಡದೆ ಹೇಳುವರು:

“ಕ್ವಾಟಿ ಬಾಗಲದಾಗ ವೈರಿ ಬಂದು ನಿಂತಾನ್ರಿ. ನಿಮ್ಮ ರೊಟ್ಟಿ ಯಾರಿಗೆ ಬೇಕಾಗೈತಿ? ಓದವಾ ಮುಂದ.”

ಹೀಗೆ ರೊಟ್ಟಿಯೂ ಹೋಗಿ, ರಾಜ್ಯವೂ ಹೋಗಿ, ಅಂದಾನಪ್ಪನವರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದ ಒಂದು ಸಂಜೆ ಮೊಮ್ಮಗಳು ತಾನಾಗಿಯೇ ಬಂದು ಪಕ್ಕದಲ್ಲಿ ಕುಳಿತಳು. ಅವರ ಎದೆ ಕುಣಿಯಿತು.

“ಅಜ್ಜಾ, ನಮ್ಮ ಮನಿತನದಾಗ ಇಂಥಾಕಿ ಒಬ್ಬಾಕಿನೂ ಇರಲಿಲ್ಲೇನು?”

“ಯಾಕಿಲ್ಲವಾ! ನಮ್ಮ ಅಜ್ಜ ಒಂದ ಸಲ ಹುಲಿ...”

“ಗಂಡಸೂರು ಬ್ಯಾಡ. ಹುಡುಗಿ ಬೇಕು. ನನ್ನಷ್ಟಾಕಿ.”

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇಲ್ಲ ಎನ್ನುವುದು ಅಂದಾನಪ್ಪನವರಿಗೆ ಹುಟ್ಟಿನಿಂದ ಬಾರದ ಒಂದೇ ಒಂದು ಶಬ್ದ. ಅಜ್ಜನಿಗೊಬ್ಬಳು ತಂಗಿ ಇದ್ದಳು, ಹೆಸರು ಬಸಲಿಂಗವ್ವ. ಅಷ್ಟು ಅವರಿಗೆ ಗೊತ್ತಿತ್ತು. ಉಳಿದದ್ದನ್ನು ನಾಲಿಗೆ ನೋಡಿಕೊಂಡಿತು. ಹತ್ತು ವರ್ಷದ ಬಸಲಿಂಗವ್ವ ಒಬ್ಬಳೇ ಮನೆಯಲ್ಲಿದ್ದಾಗ ನಲವತ್ತು ಮಂದಿ ಕುದುರೆಯ ಮೇಲಿನ ಡಕಾಯಿತರು ಬಂದರು. ಅವಳು ಮಾಳಿಗೆ ಹತ್ತಿ ಬೆಳಕಿಂಡಿಯಿಂದ ಎರಡು ಚೀಲ ಖಾರದ ಪುಡಿ ಸುರುವಿದಳು. ಡಕಾಯಿತರು ಸೀನುತ್ತ ಓಡಿದರು. ಅವರ ಸೀನಿನ ರಭಸಕ್ಕೆ ಕುದುರೆಗಳು ನೇರವಾಗಿ ದೂರದ ಗುಡೂರಿಗೇ ಹೋಗಿ ನಿಂತವು. ಅಣ್ಣ ಅಂದಾನಪ್ಪ ಆಗ ಹುಲಿ ಹೊಡೆಯಲು ಹೋಗಿದ್ದರು.

ಶಿವಗಂಗಾಳ ಕಣ್ಣು ತಾಟಿನಷ್ಟಗಲವಾದವು. ಅಜ್ಜನ ಕೊರಳಿಗೆ ಜೋತುಬಿದ್ದು “ನನ್ನ ಅಜ್ಜ, ಭಾರಿ ಅಜ್ಜ!” ಎಂದಳು. ಕಳೆದುಹೋದ ಸಂಸ್ಥಾನ ವಾಪಸು ಬಂದಂತಾಗಿ ಅಂದಾನಪ್ಪನವರು ಮೀಸೆ ತಿರುವುವಷ್ಟರಲ್ಲಿ, ಹುಡುಗಿ ಕಂಪೌಂಡ್ ಹತ್ತಿ ಆಚೆ ಜಿಗಿದಾಗಿತ್ತು.

ಐದು ನಿಮಿಷದಲ್ಲಿ ಮೃಣಾಲಿನಿ ಈಚೆ ಬಂದಳು. ಅವಳ ಹಿಂದೆ ಅವಳ ಅಪ್ಪ ಗುರುರಾಜರೂ ಬಂದರು. ಇವರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವರು. ಇಸವಿ ಹೇಳದ ಮನುಷ್ಯನಿಗೆ ಚಹಾ ಕೂಡ ಕೊಡುವವರಲ್ಲ. ಅಂದಾನಪ್ಪನವರಿಗೂ ಇವರಿಗೂ ಬಹಳ ವರ್ಷದ ಗೆಳೆತನ, ಅಂದರೆ ದಿನಾ ಜಗಳ.

“ಕಾಕಾ, ನನ್ನ ಪುಸ್ತಕದಾಗ ಬರೇ ರಾಣಿಗೋಳ ಇದ್ದಾರ,” ಎಂದಳು ಮೃಣಾಲಿನಿ ಏದುಸಿರಿನಲ್ಲಿ. “ನಮ್ಮ ನಿಮ್ಮಂಥ ಮನ್ಯಾಗಿನ ಹುಡುಗಿ ಸಿಗವಲ್ಲಳಾಗಿದ್ಲು. ಬಸಲಿಂಗವ್ವನ್ನ ಪುಸ್ತಕ ಮಾಡ್ತೇನಿ.”

“ಮಾಡವಾ, ಮಾಡು. ಆದ್ರ ಒಂದ ಕರಾರು. ನಮ್ಮ ಅಜ್ಜನ ಹೆಸರು ಅದರಾಗ ಬರಬೇಕು. ಎಲ್ಲೋ ಮೂಲ್ಯಾಗಲ್ಲ, ದಪ್ಪ ಅಕ್ಷರದಾಗ.”

“ಪುಟಪುಟಕ್ಕೂ ಹಾಕಸ್ತೇನಿ ಕಾಕಾ. ಮಾತು ಕೊಟ್ಟೆ.”

ಗುರುರಾಜರು ಗಂಟಲು ಸರಿಮಾಡಿಕೊಂಡರು. “ಇಸವಿ ಯಾವುದು?”

“ಬ್ರಿಟಿಷರ ಕಾಲಲೇ.”

“ಬ್ರಿಟಿಷರ ಕಾಲ ಅಂದ್ರ ಇಸವಿ ಅಲ್ಲ. ನಲವತ್ತು ಮಂದಿ ಡಕಾಯಿತರಾಗ ಒಬ್ಬನ ಹೆಸರು ಹೇಳು ನೋಡೋಣ.”

“ಅವರು ಹೆಸರು ಹೇಳಿ ಕಳುವು ಮಾಡೂ ಮಂದಿ ಅಲ್ಲ ಬಿಡು.”

“ಅಂದಾನಪ್ಪಾ, ಈ ಪುಸ್ತಕದ ಮ್ಯಾಲೆ ‘ನಿಜ ಇತಿಹಾಸ’ ಅಂತ ಅಚ್ಚು ಹಾಕ್ತಾರ. ನಿನ್ನ ಖಾರದಪುಡಿ ನಿಜ ಅನ್ನಲಿಕ್ಕೆ ಸಾಕ್ಷಿ ಯಾರು?”

ಅಂದಾನಪ್ಪನವರು ಏನೋ ಹೇಳಿ ಜಾರಿಕೊಳ್ಳುತ್ತಿದ್ದರೋ ಏನೋ. ಅಷ್ಟರಲ್ಲಿ ಶಿವಗಂಗಾ ಇಬ್ಬರ ನಡುವೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಗುರುರಾಜರನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

“ನಮ್ಮ ಅಜ್ಜ ಸುಳ್ಳು ಹೇಳೂದಿಲ್ರೀ. ಹೇಳಿದ್ರ ಅವನ ಕೂಡ ನಾ ಎಂದೂ ಮಾತಾಡೂದಿಲ್ಲ. ಬೇವೂರಾಗ ಸುಂದರವ್ವ ಅದಾಳ. ಆಕಿನ್ನ ಕೇಳೂಣು, ಬರ್ರಿ ಐತವಾರ.”

ಗುರುರಾಜರು ಸೋತರೋ ಗೆದ್ದರೋ ತಿಳಿಯದು; ಅಂದಾನಪ್ಪನವರ ಬೆನ್ನಹುರಿಯಲ್ಲಿ ಮಾತ್ರ ಆಲಮಟ್ಟಿಯ ಹಿನ್ನೀರು ಪೂರ್ತಿ ಹರಿದುಹೋಯಿತು.

ಸುಂದರವ್ವ ಎಂದರೆ ಅಂದಾನಪ್ಪನವರ ಸೋದರತ್ತೆ. ಹುಲಿ ಹೊಡೆದ ಅಜ್ಜನ ಕೊನೆಯ ಮಗಳು. ವಯಸ್ಸು ತೊಂಬತ್ತು ದಾಟಿದೆ, ಬಾಯಲ್ಲಿ ಹಲ್ಲಿಲ್ಲ, ನಾಲಿಗೆಗೆ ಮುಪ್ಪಿಲ್ಲ. ಶನಿವಾರ ಮುಂಜಾನೆಯೇ ಅಂದಾನಪ್ಪನವರು ಯಾರಿಗೂ ಹೇಳದೆ ಬಸ್ಸು ಹತ್ತಿ, ಅಮೀನಗಡದ ಕರದಂಟಿನ ದೊಡ್ಡದೊಂದು ಡಬ್ಬಿಯೊಂದಿಗೆ ಬೇವೂರಿನಲ್ಲಿ ಇಳಿದರು. (ಹಲ್ಲಿಲ್ಲದವರಿಗೆ ಕರದಂಟು ಒಯ್ಯುವ ಲಂಚಕೋರನನ್ನು ಲೋಕ ಅಂದೇ ಮೊದಲು ಕಂಡದ್ದು.)

“ಯತ್ತೀ, ನಾಳಿ ಮಂದಿ ಬರ್ತಾರ. ಬಸಲಿಂಗವ್ವ ಖಾರದ ಪುಡಿ ಒಗದು ನಲವತ್ತು ಡಕಾಯಿತರನ್ನ ಓಡಿಸಿದ್ಲು ಅಂತ ಹೇಳು. ಅಷ್ಟ ಸಾಕು.”

ಸುಂದರವ್ವ ಕರದಂಟಿನ ತುಣುಕೊಂದನ್ನು ದವಡೆಯ ಮೂಲೆಗೆ ಸೇರಿಸಿ, ಅದು ಕರಗುವವರೆಗೂ ಅವರನ್ನೇ ನೋಡಿದಳು. “ನಲವತ್ತ ಸಾಕೇನು? ಅರವತ್ತು ಅನ್ನಲೇನು?”

“ಬ್ಯಾಡ ಬ್ಯಾಡ! ಗುರುರಾಜ ಹೆಸರು ಕೇಳ್ತಾನ.”

“ಆತು ತಮ್ಮಾ. ನಿನ್ನ ಮಾತು ಎಂದಾದ್ರೂ ಮೀರೇನೇನು?”

ಅಂದಾನಪ್ಪನವರು ಬಸ್ಸಿನ ಕಿಟಕಿಯ ಪಕ್ಕ ಕೂತು, ಮುಂದೆ ತಮಗಾಗುವ ಸನ್ಮಾನದ ಶಾಲಿನ ಬಣ್ಣ ಯಾವುದಿರಬೇಕೆಂದು ಯೋಚಿಸುತ್ತ ಊರಿಗೆ ಮರಳಿದರು.

ಭಾನುವಾರ ಎಲ್ಲರೂ ಗುರುರಾಜರ ಕಾರಿನಲ್ಲಿ ಬೇವೂರಿಗೆ ಹೊರಟರು. ನೀಲಾಬಾಯಿಯವರು ಪಡೆಯ ಜೊತೆಗಿರಬೇಕೆಂದು ಮೊಮ್ಮಗಳ ಆಜ್ಞೆಯಾದ್ದರಿಂದ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟುಕೊಂಡೇ ಬಂದರು. ಹಳೇ ಮನೆಯ ಅಂಗಳದಲ್ಲಿ ದುಂಡನೆಯ ಬಾಯಿಯ ಒಂದು ಹಗೇವಿತ್ತು. ಮೊದಲೆಲ್ಲ ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಇಡಲು ನೆಲದೊಳಗೆ ತೋಡುತ್ತಿದ್ದ ಗುಂಡಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಮೇಲೊಂದು ಕಲ್ಲು. ಈಗ ಬರಿದಾಗಿತ್ತು. ಅಂದಾನಪ್ಪನವರು ಅದರ ದಂಡೆಯ ಮೇಲೆ ಒಂದು ಕಾಲಿಟ್ಟು, ತಲೆಗೆ ಪಟಗ ಸುತ್ತಿ, ಮೀಸೆಯ ಮೇಲೆ ಕೈಯಿಟ್ಟು, “ಮೃಣಾಲಿನೀ, ನಮ್ಮ ಅಜ್ಜಂದು ಫೋಟೋ ಇಲ್ಲ. ಮಾರಿ ಥೇಟ್ ನಂದ. ಹೊಡಿ ಒಂದು,” ಎಂದರು. ಅವಳು ಹೊಡೆದಳು. ಒಂದಲ್ಲ, ನಾಲ್ಕು.

ಸುಂದರವ್ವನ ಮುಂದೆ ಎಲ್ಲರೂ ಕೂತರು. ಗುರುರಾಜರು ಕನ್ನಡಕ ಏರಿಸಿದರು. ಮೃಣಾಲಿನಿ ಮೊಬೈಲಿನಲ್ಲಿ ಧ್ವನಿ ಹಿಡಿಯಲು ಸಿದ್ಧಳಾದಳು. ಅಂದಾನಪ್ಪನವರು ಅತ್ತೆಯತ್ತ ನೋಡಿ ಮೆಲ್ಲಗೆ ಕಣ್ಣು ಹೊಡೆದರು. ಅತ್ತೆಯೂ ಹೊಡೆದಳು. ಎಲ್ಲ ಸರಿಯಾಗಿತ್ತು. ಶಿವಗಂಗಾ ಮೊದಲ ಪ್ರಶ್ನೆ ಕೇಳುವವರೆಗೆ.

“ಅಮ್ಮಾ, ಬಸಲಿಂಗವ್ವಗ ಅಂಜಿಕಿ ಬಂದಿತ್ತೇನು?”

ಸುಂದರವ್ವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮುದುಕಿ ಹುಡುಗಿಯ ಮುಖವನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಬಾಯಲ್ಲಿದ್ದ ಕರದಂಟನ್ನು ನುಂಗಿದಳು. ಅದರ ಜೊತೆಗೆ ನಲವತ್ತು ಡಕಾಯಿತರನ್ನೂ ನುಂಗಿದಳು.

“ಬಂದಿತ್ತವಾ. ಕೈಕಾಲು ಗಡಗಡ ನಡುಗತಿದ್ದೂವು ಅಂತ ಆಕಿನ ನನ್ನ ಮುಂದ ಹೇಳತಿದ್ಲು. ಆದ್ರ ಹಗ್ಗ ಕೈಯಾಗಿತ್ತು ನೋಡು. ಹೆಂಗ ಬಿಡ್ತಾಳು?”

“ಯಾವ ಹಗ್ಗ?” ಎಂದರು ಗುರುರಾಜರು.

“ಯತ್ತೀ, ಖಾರದ ಪುಡಿ!” ಎಂದರು ಅಂದಾನಪ್ಪನವರು.

“ನೀ ಸುಮ್ಮಕ ಕೂಡಲೇ. ಕೂಸು ಕೇಳಾಕತ್ತೈತಿ.”

ಆಮೇಲೆ ಸುಂದರವ್ವ ಹೇಳಿದ್ದು ಇದು. ಆಗ ಊರಿಗೆ ದೇವಿ ಹಾಕುವವನು ಬಂದಿದ್ದ. ಅಂದರೆ ಸಿಡುಬು ಬಾರದಂತೆ ತೋಳಿಗೆ ಚುಚ್ಚುವ ಸರ್ಕಾರದ ಮನುಷ್ಯ. ಸುದ್ದಿ ಕೇಳಿದ್ದೇ ಊರಿನ ಗಂಡಸರೆಲ್ಲ ಹೊಲಕ್ಕೆ ಓಡಿದರು. ಇಪ್ಪತ್ತು ವರ್ಷದ ಅಂದಾನಪ್ಪ, ಹೆಗಲ ಮೇಲೆ ಎರಡು ಚೀಲ ಜೋಳ ಹೊರುವ ಆಳು, ಓಡಲು ಹೊತ್ತು ಸಾಲದೆ ಅಂಗಳದ ಹಗೇವಿಗೆ ಇಳಿದು, ತಲೆಯ ಮೇಲೆ ಕಲ್ಲು ಎಳೆದುಕೊಂಡ.

“ಅಯ್ಯ!” ಎಂದರು ನೀಲಾಬಾಯಿ. ಹಗೇವಿನ ನಾಡಿನ ಹೆಣ್ಣುಮಗಳು; ಅವರಿಗೆ ಮುಂದಿನದು ತಿಳಿದುಹೋಯಿತು. ಮುಚ್ಚಿಟ್ಟ ಹಗೇವಿನ ಬಾಯಿ ತೆರೆದೊಡನೆ ಯಾರೂ ಇಳಿಯುವುದಿಲ್ಲ. ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಅದು ಹೋಗುವವರೆಗೆ ಕಾಯಬೇಕು, ಇಲ್ಲವಾದರೆ ಇಳಿದವನು ಮೇಲೆ ಬರುವುದಿಲ್ಲ. ಇದು ಅಂದಿನ ಸಣ್ಣ ಮಕ್ಕಳಿಗೂ ಗೊತ್ತು. ಸೂಜಿ ಕಂಡ ಅಂದಾನಪ್ಪನಿಗೆ ಮಾತ್ರ ಮರೆತುಹೋಗಿತ್ತು.

“ಬಸಲಿಂಗಿ ಅಲ್ಲೇ ಆಡಾಕತ್ತಿದ್ಲು. ‘ಯಣ್ಣಾ’ ಅಂದ್ಲು. ಓ ಅನ್ನಲಿಲ್ಲ. ಮತ್ತ ಕರದ್ಲು. ಉಸರ ಇಲ್ಲ. ಮನ್ಯಾಗ ಯಾರೂ ಇಲ್ಲ. ಹತ್ತ ವರ್ಸದ ಕೂಸು, ಆ ಕಲ್ಲು ಹೆಂಗ ದೂಡಿದ್ಲೋ ಆ ಬಸವಣ್ಣಗ ಗೊತ್ತು. ಬೇವಿನ ಟೊಂಗಿ ಹಗ್ಗಕ್ಕ ಕಟ್ಟಿ ಹಗೇವದಾಗ ಇಳಿಸೂದು, ಎತ್ತೂದು, ಇಳಿಸೂದು, ಎತ್ತೂದು, ಗಾಳಿ ಆಡಬೇಕಲ್ಲ? ಅಷ್ಟೊತ್ತಿಗೆ ನಮ್ಮಪ್ಪ ಒಳಗ ‘ಹಾ’ ಅಂದ. ‘ಹಗ್ಗ ಬಗಲಾಗ ಹಾಕ್ಕೋ, ಇಲ್ಲಂದ್ರ ನಾನ ಇಳಿತೇನಿ’ ಅಂದ್ಲು. ಅಷ್ಟಕ್ಕ ಅಂಜಿ ಹಾಕ್ಕೊಂಡ. ಹಗ್ಗದ ಈ ತುದಿ ಎಮ್ಮಿ ಕೊರಳಿಗೆ ಕಟ್ಟಿ ಎಮ್ಮಿ ಹೊಡದ್ಲು. ಬಂದ ನೋಡು ನಮ್ಮಪ್ಪ, ಬಾವ್ಯಾಗಿನ ಕೊಡ ಬಂದಂಗ!”

ಶಿವಗಂಗಾ ಇನ್ನೂ ಹತ್ತಿರ ಸರಿದಳು. “ಆಮ್ಯಾಲೆ?”

“ಆಮ್ಯಾಲೇನು, ಚೀರೂದು ಕೇಳಿ ದೇವಿ ಹಾಕಾಂವ ಓಡಿ ಬಂದ. ಬಸಲಿಂಗಿ ಮೊದಲ ತಾನ ತೋಳು ಚಾಚಿದ್ಲು, ‘ನೋಡಣ್ಣ, ಇಷ್ಟ ಐತಿ’ ಅಂದ್ಲು. ನಮ್ಮಪ್ಪಗ ಎದ್ದು ಓಡಾಕ ಕಸುವು ಇರಲಿಲ್ಲ. ಬಿದ್ದಲ್ಲೇ ಚುಚ್ಚಿದ್ರು. ಮುಂದಿನ ವರ್ಸ ಸುತ್ತ ಊರಿಗೆಲ್ಲ ದೊಡ್ಡಮ್ಮ, ಅಂದ್ರ ಸಿಡುಬು, ಬಂದ್ಲು, ಈ ಮನಿಗೆ ಬರಲಿಲ್ಲ. ಅದಕ್ಕ ನಾ ಹುಟ್ಟೇನಿ, ನಿಮ್ಮಜ್ಜ ಹುಟ್ಟ್ಯಾನ, ನೀ ಹುಟ್ಟೀದಿ.”

ಗುರುರಾಜರು, ಇಸವಿ ಕೇಳುವುದನ್ನೂ ಬಿಟ್ಟು, ಕನ್ನಡಕ ತೆಗೆದು ಒರೆಸಿದರು. ಶಿವಗಂಗಾ ಎದ್ದು ಹಗೇವಿನ ಕಲ್ಲಿಗೆ ಹೆಗಲು ಕೊಟ್ಟು ದೂಡಿ ನೋಡಿದಳು. ಅದು ಒಂದು ಜೋಳದ ಕಾಳಿನಷ್ಟೂ ಅಲುಗಲಿಲ್ಲ. ಆಮೇಲೆ ತಿರುಗಿ ಅಜ್ಜನನ್ನು ನೋಡಿದಳು.

“ಅಜ್ಜಾ, ನಲವತ್ತು ಮಂದಿ ಡಕಾಯಿತರು ಎಲ್ಲಿ ಅದಾರ?”

ಸುಳ್ಳು ಹೇಳಿದರೆ ಮಾತಾಡುವುದಿಲ್ಲವೆಂಬ ಅವಳ ಶಪಥ ಅಂದಾನಪ್ಪನವರಿಗೆ ನೆನಪಾಯಿತು. ಮಾತು ನಿಂತರೆ ಮೊಮ್ಮಗಳು ಹೋದಳು. ಆದರೆ ಅರವತ್ತೇಳು ವರ್ಷ ತರಬೇತಾದ ನಾಲಿಗೆ ಆಪತ್ತಿನಲ್ಲಿ ಕೈಬಿಡಲಿಲ್ಲ.

“ಹಗೇವದಾಗಿನ ಕೆಟ್ಟ ಗಾಳಿ ಅಂದ್ರ ನಲವತ್ತು ಡಕಾಯಿತರಿಗೆ ಸಮ ಅಲ್ಲೇನವಾ? ಹುಡುಗೂರಿಗೆ ತಿಳೀಲಿ ಅಂತ ಹಂಗ ಹೇಳಿದ್ನಿ.”

“ಖಾರದ ಪುಡಿ?”

“ಅದು... ಅದು ಬೇವಿನ ಟೊಂಗಿ.”

ಶಿವಗಂಗಾ ಬಹಳ ಹೊತ್ತು ವಿಚಾರ ಮಾಡಿ, “ಆತು, ಈ ಸಲ ಬಿಟ್ಟೇನಿ,” ಎಂದಳು. ಮಹಾರಾಣಿಯರು ಶರಣಾಗತರಿಗೆ ಹೇಳುವ ಧ್ವನಿಯಲ್ಲಿ. ಅಂದಾನಪ್ಪನವರು ಬದುಕಿದೆ ಎಂದು ಉಸಿರುಬಿಡುವಾಗ, ಮೃಣಾಲಿನಿಯ ಮುಖದ ಮೇಲಿನ ಕಳೆ ಕಣ್ಣಿಗೆ ಬಿತ್ತು. ಅವಳಿಗೆ ಪುಸ್ತಕ ಸಿಕ್ಕಿಬಿಟ್ಟಿತ್ತು.

ಕಾರಿನಲ್ಲಿ ವಾಪಸಾಗುವಾಗ ಅವರು ಮೆಲ್ಲಗೆ ಶುರುಮಾಡಿದರು. “ಮೃಣಾಲಿನೀ, ಅಜ್ಜನ ಹೆಸರು ಹಾಕದಿದ್ರೂ ನಡೀತೈತೆವಾ. ‘ಒಬ್ಬ ಅಣ್ಣ’ ಅಂತ ಹಾಕು.”

“ಛೇ ಛೇ, ಮಾತು ಕೊಟ್ಟೇನಿ ಕಾಕಾ. ಪುಟಪುಟಕ್ಕೂ.”

“ಸಣ್ಣ ಅಕ್ಷರದಾಗರ...”

“ಇತಿಹಾಸದಾಗ ಹೆಸರು ಬದಲಿ ಮಾಡ್ಲಿಕ್ಕೆ ಬರೂದಿಲ್ಲ ಅಂದಾನಪ್ಪಾ,” ಎಂದು ಗುರುರಾಜರು ಸ್ಟೇರಿಂಗ್ ಹಿಡಿದು ಹಾಡುವ ಧಾಟಿಯಲ್ಲಿ ಹೇಳಿದರು. ಮೂವತ್ತು ವರ್ಷ ಇತಿಹಾಸ ಕಲಿಸಿದ್ದಕ್ಕೆ ಅಂದೇ ಅವರಿಗೆ ಪೂರ್ತಿ ಸಂಬಳ ಸಿಕ್ಕಿತು.

ಪುಸ್ತಕ ದೀಪಾವಳಿಗೆ ಬಂತು. ಎಂಥ ಪುಸ್ತಕ! ಮುಖಪುಟದಲ್ಲಿ ಎರಡು ಜಡೆಯ ಬಸಲಿಂಗವ್ವ, ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ ಹಗ್ಗ ಹಿಡಿದಿದ್ದಾಳೆ. ಹಿಂದೆ ಎಮ್ಮೆ. ಹಗ್ಗದ ಇನ್ನೊಂದು ತುದಿಯಲ್ಲಿ, ಹಗೇವಿನ ಬಾಯಿಯಿಂದ ಅರ್ಧ ಹೊರಬಂದು, ಪಟಗ ಕಣ್ಣಿನ ಮೇಲೆ ಜಾರಿ, ಮೀಸೆಗೆ ಜೋಳದ ಹೊಟ್ಟು ಮೆತ್ತಿಕೊಂಡು ಬಾಯಿ ಬಿಡುತ್ತಿರುವ ಮಹಾಶಯರು ನಿಸ್ಸಂದೇಹವಾಗಿ ನವನಗರದ ಅಂದಾನಪ್ಪನವರೇ. ಚಿತ್ರ ಬರೆದವರು ಬೇವೂರಿನ ಫೋಟೋದ ಒಂದು ಕೂದಲನ್ನೂ ಬಿಟ್ಟಿರಲಿಲ್ಲ. ಒಳಗೆ ಪುಟಪುಟಕ್ಕೂ ದಪ್ಪ ಅಕ್ಷರ: ಅಂದಾನಪ್ಪ ಓಡಿದ. ಅಂದಾನಪ್ಪ ಅಡಗಿದ. ಅಂದಾನಪ್ಪ ಅತ್ತ.

ಪಕ್ಕದ ಸೆಕ್ಟರಿನಲ್ಲಿ ಶಿವಗಂಗಾ ಓದುವ ಶಾಲೆಯಲ್ಲಿ ಬಿಡುಗಡೆಯ ಸಮಾರಂಭ. ಅಂದಾನಪ್ಪನವರು ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ, ಕರವಸ್ತ್ರದಲ್ಲಿ ಮೀಸೆ ಮುಚ್ಚಿಕೊಂಡು ಕೂತಿದ್ದರು. ಮಕ್ಕಳಿಗೆ ಪುಸ್ತಕ ಹಂಚಿ ಎರಡು ನಿಮಿಷವಾಗಿಲ್ಲ, ಒಬ್ಬ ಹುಡುಗಿ ಮುಖಪುಟ ನೋಡಿದಳು, ಕಂಬ ನೋಡಿದಳು, ಮತ್ತೆ ಮುಖಪುಟ ನೋಡಿದಳು.

“ಏ ಇಲ್ಲೇ ಅದಾನಲೇ! ಹಗೇವದಾಗಿನ ಅಂದಾನಪ್ಪ!”

ಇಡೀ ಶಾಲೆ ಕಂಬದ ಸುತ್ತ ನೆರೆಯಿತು. ಹತ್ತು ವರ್ಷದ ಮಕ್ಕಳಿಗೆ ಬ್ರಿಟಿಷರ ಕಾಲ ಯಾವುದು, ಮೊನ್ನೆ ಯಾವುದು? ಬಿಳೀ ಮೀಸೆಯವರೆಲ್ಲ ಒಂದೇ ಕಾಲದವರು.

“ಅಜ್ಜಾರ, ಒಳಗ ಭಾಳ ಕತ್ತಲಿ ಇತ್ತೇನ್ರಿ?”

“ಎಮ್ಮಿ ಹೆಸರೇನ್ರಿ?”

“ನಾನಲ್ರೆಪಾ! ಅಂವ ನಮ್ಮ ಅಜ್ಜ!” ಎಂದು ಅಂದಾನಪ್ಪನವರು ಕೂಗಿದರು. “ನನ್ನ ಹೆಸರೂ ಅಂದಾನಪ್ಪ, ಆದ್ರ ನಾ ಬ್ಯಾರೇ ಅಂದಾನಪ್ಪ!”

ಇಂಥ ದುರ್ಬಲ ವಾದವನ್ನು ಯಾವ ನ್ಯಾಯಾಲಯವೂ ಒಪ್ಪಲಾರದು. ಒಬ್ಬ ಹುಡುಗಿ ಪುಸ್ತಕದ ಹನ್ನೆರಡನೇ ಪುಟ ತೆಗೆದು, “ದೇವಿ ಹಾಕಿದ್ರ ತೋಳಿಗೆ ಕಲಿ ಉಳೀತೈತಿ ಅಂತ ಬರದಾರ. ತೋಳು ತೋರಸ್ರಿ,” ಎಂದಳು. ನಾಲ್ಕಾರು ಕೈಗಳು ಅವರ ಅಂಗಿಯ ತೋಳನ್ನು ಮೇಲೇರಿಸಿದವು. ಅವರ ಕಾಲದ ಎಲ್ಲರ ತೋಳಿನಲ್ಲೂ ಇರುವಂತೆ, ಬಾಲ್ಯದಲ್ಲಿ ಹಾಕಿಸಿದ ಸಿಡುಬಿನ ಚುಚ್ಚಿನ ಕಲೆ, ನಾಲ್ಕಾಣೆಯ ನಾಣ್ಯದಂತೆ, ಅಚ್ಚುಕಟ್ಟಾಗಿ ಅಲ್ಲಿತ್ತು.

“ಐತಿ! ಖರೇನ ಐತಿ!”

ಗುರುರಾಜರು ವೇದಿಕೆಯ ಮೇಲಿಂದಲೇ ಮೈಕಿನಲ್ಲಿ, “ಸಾಕ್ಷಿ ಗಟ್ಟಿ ಅದ,” ಎಂದು ತೀರ್ಪು ಕೊಟ್ಟರು.

ಈ ಗದ್ದಲವನ್ನು ಬಾಗಿಲಲ್ಲಿ ನಿಂತು ನೋಡಿದವರು ಆರೋಗ್ಯ ಕೇಂದ್ರದ ನರ್ಸ್ ನರ್ಗೀಸ. ಬರುವ ವಾರ ಅದೇ ಶಾಲೆಯಲ್ಲಿ ಹತ್ತು ವರ್ಷದ ಮಕ್ಕಳಿಗೆ ಲಸಿಕೆ ಹಾಕಬೇಕಿತ್ತು. ಪ್ರತಿ ವರ್ಷ ಆ ದಿನ ಅರ್ಧ ತರಗತಿಗೆ ಹೊಟ್ಟೆನೋವು, ಉಳಿದರ್ಧಕ್ಕೆ ಊರಿನಲ್ಲಿ ಮದುವೆ. ನರ್ಗೀಸ ನೇರ ಅಂದಾನಪ್ಪನವರ ಹತ್ತಿರ ಬಂದರು.

“ಸರ, ಅವತ್ತು ನೀವು ಬರಬೇಕ್ರಿ. ಮುಖ್ಯ ಅತಿಥಿ.”

ಮುಖ್ಯ ಅತಿಥಿ! ಆ ಎರಡು ಶಬ್ದಕ್ಕೆ ಅಂದಾನಪ್ಪನವರು ಜೀವಮಾನವಿಡೀ ಕಾದಿದ್ದರು. ಅಪಮಾನವೆಲ್ಲ ಆವಿಯಾಯಿತು. ಆ ದಿನ ಇಸ್ತ್ರಿ ಮಾಡಿದ ಧೋತರ ಉಟ್ಟು ಹೋದರು, ಹಾರ ಹಾಕಿಸಿಕೊಂಡರು, ಧೈರ್ಯದ ಬಗ್ಗೆ ಮಾತಾಡಿದರು. ಹುಲಿ ಎರಡು ಸಲ ಬಂದುಹೋಯಿತು. ಭಾಷಣ ಮುಗಿಯುತ್ತಿದ್ದಂತೆ ನರ್ಗೀಸ ಹತ್ತಿಯಲ್ಲಿ ಸ್ಪಿರಿಟ್ ಅದ್ದಿದರು.

“ಸರ, ಇದು ಧನುರ್ವಾತದ್ದು, ದೊಡ್ಡವರಿಗೂ ಹಾಕ್ತೇವ್ರಿ. ಮೊದಲ ನೀವ ತೊಗೊಂಡ್ರ ಹುಡುಗೂರಿಗೆ ಧೈರ್ಯ ಬರತೈತಿ.”

“ಹಾಕಸ್ಕೋತೇನ್ರಿ, ಅದಕ್ಕೇನು,” ಎಂದರು ಅಂದಾನಪ್ಪನವರು. “ಒಂದ ನಿಮಿಷ, ನೀರು ಕುಡದು ಬರ್ತೇನಿ.”

ಒಂದು ನಿಮಿಷ ಹತ್ತು ನಿಮಿಷವಾಯಿತು. ಮುಖ್ಯ ಅತಿಥಿಗಳು ನೀರಿನ ನಲ್ಲಿಯ ಹತ್ತಿರವಿಲ್ಲ, ಗೇಟಿನ ಹತ್ತಿರವಿಲ್ಲ. ಮೊಮ್ಮಗಳ ಆಜ್ಞೆಯಂತೆ ಗೇಟಿಗೆ ಕಾವಲಿದ್ದ ನೀಲಾಬಾಯಿ, “ಈ ಕಡಿ ಬಂದಿಲ್ಲ. ರಕ್ತ ಎಲ್ಲಿಗೆ ಹೋಗತೈತಿ? ಜೋಳ ಅಕ್ಕಿ ಇಡೂ ಜಾಗಾ ನೋಡ್ರಿ,” ಎಂದರು. ಬಿಸಿಯೂಟದ ಉಗ್ರಾಣದಲ್ಲಿ, ಅಕ್ಕಿ ಚೀಲಗಳ ಹಿಂದೆ, ಹಾರ ಹಾಕಿಕೊಂಡೇ ಕೂತಿದ್ದವರನ್ನು ಹುಡುಕಿ ತೆಗೆದದ್ದು ಶಿವಗಂಗಾ.

“ಅಂಜಿಕಿ ಆಗೈತೇನಜ್ಜಾ?”

“ಇಲ್ಲವಾ, ಅಕ್ಕಿ ಹೆಂಗದಾವು ಅಂತ...” ಎಂದವರು ಅವಳ ಮುಖ ನೋಡಿ ನಿಂತರು. ಜೀವನದಲ್ಲಿ ಮೊದಲ ಸಲ ನಾಲಿಗೆ ಕೈಕೊಟ್ಟಿತು. “ಹೂಂ. ಆಗೈತಿ.”

“ನನಗೂ ಆಗೈತಿ,” ಎಂದಳು ಹುಡುಗಿ, ಅವರ ಕೈ ಹಿಡಿದು. “ಬಾ, ಇಬ್ಬರೂ ಕೂಡಿ ಹೋಗೂಣು. ಮೊದಲ ನಾ ಹಾಕಸ್ಕೋತೇನಿ.”

ಅವಳು ಹಾಕಿಸಿಕೊಂಡಳು; ಕಣ್ಣು ಬಿಗಿಯಾಗಿ ಮುಚ್ಚಿದಳು, ಅಷ್ಟೇ. ಆಮೇಲೆ ಅಂದಾನಪ್ಪನವರ ಸರದಿ. ಅವರು ಹೊಡೆದ ಕೂಗಿಗೆ ಆಲಮಟ್ಟಿಯ ಹಿನ್ನೀರಿನಲ್ಲಿ ಒಂಟಿಗಾಲಲ್ಲಿ ನಿಂತಿದ್ದ ಕೊಕ್ಕರೆಗಳೆಲ್ಲ ಎರಡನೇ ಕಾಲನ್ನೂ ಇಳಿಸಿದವಂತೆ, ಅದರಲ್ಲಿ ಮುಳುಗಿದ ಬಾಗಲಕೋಟೆಯ ಹಳೇ ಪೇಟೆಯಿಂದ ಯಾರೋ “ಏನಾತು?” ಎಂದು ಕೇಳಿದರಂತೆ. ಶಾಲೆಯ ಮಕ್ಕಳು ಮೊದಲು ಬೆಚ್ಚಿದರು. ಆಮೇಲೆ ಒಬ್ಬಳು ನಕ್ಕಳು. ಆಮೇಲೆ ಇಡೀ ಸಾಲೇ ನಕ್ಕಿತು. ಇಷ್ಟು ದೊಡ್ಡ ಅಜ್ಜನಿಗಿಂತ ತಾವು ಗಟ್ಟಿ ಎಂದು ತೋರಿಸಲು ನಾ ಮೊದಲು, ತಾ ಮೊದಲು ಎಂದು ತೋಳೇರಿಸಿ ನುಗ್ಗಿದರು. ಅವತ್ತು ಒಬ್ಬರಿಗೂ ಹೊಟ್ಟೆ ನೋಯಲಿಲ್ಲ, ಒಂದು ಮದುವೆಯೂ ನಡೆಯಲಿಲ್ಲ.

ಅಂದಾನಪ್ಪನವರು ತೋಳು ಹಿಡಿದುಕೊಂಡು, ಇನ್ನು ನವನಗರದಲ್ಲಿ ಮುಖ ತೋರಿಸುವುದು ಹೇಗೆಂದು ಕೂತಿದ್ದಾಗ ನರ್ಗೀಸ ಬಂದು ಕೈ ಮುಗಿದರು.

“ಸರ, ಬುಧವಾರ ಹುನಗುಂದದಾಗ ಐತ್ರಿ, ಶುಕ್ರವಾರ ಇಳಕಲ್ಲದಾಗ. ನೀವು ಬರ್ಲೇಬೇಕು. ಸೂಜಿ ಹಾಕೂದಿಲ್ರಿ, ಬರೇ ತೋರಿಸ್ತೇವಿ. ನೀವು ಇವತ್ತಿನಂಗ ಚೀರಿದ್ರ ಸಾಕು.”

ಮೊಮ್ಮಗಳು ಅಜ್ಜನ ಮುಖವನ್ನೇ ನೋಡುತ್ತಿದ್ದಳು. ಅಂದಾನಪ್ಪನವರು ಕೊರಳ ಹಾರ ಸರಿಮಾಡಿಕೊಂಡರು, ಮೀಸೆಗೆ ಹತ್ತಿದ್ದ ಅಕ್ಕಿ ನುಚ್ಚು ಒರೆಸಿಕೊಂಡರು, ದೊಡ್ಡ ಮನುಷ್ಯರಿಗೆ ತಕ್ಕಂತೆ ಸ್ವಲ್ಪ ಹೊತ್ತು ವಿಚಾರ ಮಾಡಿದರು.

“ಬರ್ತೇನ್ರಿ. ಆದ್ರ ಕೈ ಇದ್ದ ಖುರ್ಚಿ ಹಾಕಸ್ರಿ. ಒಂದು, ಮುಖ್ಯ ಅತಿಥಿಗೆ ಶೋಭಾ. ಎರಡನೇದು, ಸೂಜಿ ತೋರಿಸೂ ಮುಂದ ಹಿಡಕೊಳ್ಳಾಕ ಬೇಕಾಗತೈತಿ.”